ಮಗ್ಗದ ಮುಂದೆ ಆಡಬಾರದ ಮಾತು

ತಿಝಿ ಉಲ್ಲಿ,
ಏಪ್ರಿಲ್ 14, ಸೋಮವಾರ

ಪ್ರೀತಿಯ ಅಮ್ಮಾ,

ನಿನ್ನ ಸೊಂಟ ಹೇಗಿದೆ? ಶುಕ್ರವಾರ ಫೋನಿನಲ್ಲಿ ನೀನು "ಚೆನ್ನಾಗಿದ್ದೀನಿ" ಎಂದು ಮೂರು ಸಲ ಹೇಳಿದೆ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ಸ್ಪೇನಿನವರ ಸ್ಟ್ರಾಬೆರಿ ಗಿಡ ಮೊಣಕಾಲಿನಷ್ಟೂ ಎತ್ತರವಿಲ್ಲ, ದಿನವಿಡೀ ಬಗ್ಗಿಯೇ ಇರಬೇಕು ಎಂದು ಕಬೀರಾ ಹೇಳಿದಳು. ಅವಳು ನಾಳೆ ಎರಡನೇ ತಂಡದ ಜೊತೆ ಹೊರಡುತ್ತಿದ್ದಾಳೆ. ಈ ಕಾಗದವನ್ನೂ ಒಣ ಅಂಜೂರವನ್ನೂ ಒಂದು ಡಬ್ಬಿ ಹಳೆ ಬೆಣ್ಣೆಯನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಡಬ್ಬಿ ಬಸ್ಸಿನಲ್ಲಿ ವಾಸನೆ ಹೊಡೆದರೆ "ನನ್ನದಲ್ಲ" ಅನ್ನುತ್ತೇನೆ ಎಂದು ಈಗಲೇ ಹೇಳಿಟ್ಟಿದ್ದಾಳೆ. ಮಸೀದಿಯ ತರಗತಿಯಲ್ಲಿ ಕಲಿತದ್ದನ್ನು ನೀನು ಮರೆತಿರಲಾರೆ. ಅಕ್ಷರ ಬಿಡಿಬಿಡಿಯಾಗಿ ಬರೆಯುತ್ತೇನೆ, ಎಷ್ಟು ದಿನ ಹಿಡಿದರೂ ಸರಿ ನೀನೇ ಓದಿಕೋ, ಕೋಣೆಯ ಹೆಂಗಸರ ಕೈಲಿ ಓದಿಸಬೇಡ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ಕೇಳಬೇಡ. ಫೋನ್ ರಿಂಗಾದರೆ ಸಾಕು, ಚಿಕ್ಕಪ್ಪ ಅದನ್ನು ಜೋರು ಮಾಡಿ ಚಹಾ ತಟ್ಟೆಯ ಮಧ್ಯೆ ಇಡುತ್ತಾನೆ, ಮನೆಯವರೆಲ್ಲ ಸುತ್ತ ಕೂರುತ್ತಾರೆ, ಆಮೇಲೆ ನನ್ನ ಬಾಯಲ್ಲಿ ಬರುವುದು ಹವಾಮಾನದ ಸಮಾಚಾರ ಮಾತ್ರ.

ಇಲ್ಲಿ ಎಲ್ಲರೂ ಕ್ಷೇಮ. ತಂಗಿ ಮೀನಾ ಪರೀಕ್ಷೆಯಲ್ಲಿ ಲೆಕ್ಕ ಬಿಟ್ಟು ಉಳಿದದ್ದರಲ್ಲೆಲ್ಲ ಚೆನ್ನಾಗಿ ಮಾಡಿದ್ದಾಳೆ. ಹಿಮ ಕರಗಿ ಹಳ್ಳ ತುಂಬಿದೆ. ಕುಂಟ ಕುರಿಗೆ ಅವಳಿ ಮರಿ ಹುಟ್ಟಿವೆ, ಎರಡೂ ಬದುಕಿವೆ. ಕ್ಷೇಮವಿಲ್ಲದ್ದು ನೀನು ಮಗ್ಗದ ಮೇಲೆ ಬಿಟ್ಟುಹೋದ ಕಂಬಳಿ, ಮತ್ತು ಅದರ ದೆಸೆಯಿಂದ ನಾನು.

ಮಿದೆಲ್ತಿನ ಮಕ್ಕಳ ವಾಚನಾಲಯದ ವಿಷಯ ನಿನಗೆ ಗೊತ್ತು. ಅಲ್ಲಿಯ ಮೇಡಮ್ ಮತ್ತೆ ಬರೆದಿದ್ದಾರೆ, ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ನಾನು ಅಲ್ಲಿರಬೇಕಂತೆ, ಇಲ್ಲದಿದ್ದರೆ ಬೇರೆ ಹುಡುಗಿಯನ್ನು ತೆಗೆದುಕೊಳ್ಳುತ್ತಾರಂತೆ. ಸಾಹಿತ್ಯ ಓದಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಸಿಕ್ಕಿರುವ ಮೊದಲ ಕೆಲಸ. ಸಂತೆಯಲ್ಲಿ ಈರುಳ್ಳಿಯ ಬೆಲೆ ಕೇಳಲೂ ದನಿ ಏಳದ ನಾನು ಅಷ್ಟು ಮಕ್ಕಳ ಮುಂದೆ ಕಥೆ ಓದುವುದು ಹೇಗೆ ಎಂದು ಹೆದರಿ ಬರೆದಿದ್ದೆ. "ದನಿ ಸಣ್ಣದಿದ್ದರೆ ಮಕ್ಕಳು ಹತ್ತಿರ ಬಂದು ಕೂರುತ್ತಾರೆ" ಎಂದು ಉತ್ತರ ಬಂತು. ಆ ಒಂದು ಸಾಲಿಗಾಗಿಯೇ ನನಗೆ ಅಲ್ಲಿಗೆ ಹೋಗಬೇಕು ಅಮ್ಮಾ. ಅಜ್ಜಿಗೆ ಓದಿ ಹೇಳಿದೆ. "ಕಥೆ ಹೇಳೋಕೆ ಸಂಬಳ ಕೊಡ್ತಾರಾ? ನಾನು ಇಷ್ಟು ವರ್ಷ ಪುಕ್ಕಟೆ ಹೇಳ್ದೆನಲ್ಲ" ಅಂದಳು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು ಎಂದುಕೊಂಡೆ. ಆಗ ಅವಳು ಮಗ್ಗದ ಕಡೆ ಗಲ್ಲ ತಿರುಗಿಸಿ ತೋರಿಸಿದಳು. ಗಂಟು ಹಾಕಿದ ಕೈ, ಕಂಬಳಿಯನ್ನು ಮಗ್ಗದಿಂದ ಕೊಯ್ದು ಇಳಿಸುವ ತನಕ ಹಳ್ಳ ದಾಟಬಾರದು ಎಂಬ ಅವಳ ಕಟ್ಟಳೆ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಅದನ್ನು ಮುರಿದು ಹೋದವಳು. "ನಿಮ್ಮಮ್ಮ ಉಸಿರಾಡೋ ಕಂಬಳೀನ ಬಿಟ್ಟು ಹೋದ್ಲು. ಒಬ್ಬಳು ಸಾಕು. ಇನ್ನೊಬ್ಬಳನ್ನ ನಾನು ಕಳಿಸಲ್ಲ" ಅಂದಳು.

ನಾನು ಗಂಟು ಹಾಕಿದ್ದು ನನ್ನಿಷ್ಟದಿಂದೇನಲ್ಲ. ನೀನು ಹೋದ ಮಾರನೆಯ ದಿನವೇ ಅಜ್ಜಿಯೂ ಯಾಮ್ನಾ ಚಿಕ್ಕಮ್ಮನೂ ಮಗ್ಗದ ಮುಂದೆ ಎರಡು ತುದಿಯಲ್ಲಿ ಕೂತರು, ನಡುವೆ ನಿನ್ನ ಜಾಗ ಖಾಲಿ. "ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ, ಬಂದು ಕೂತ್ಕೋ" ಎಂದು ಚಿಕ್ಕಮ್ಮ ಕರೆದಳು. ಓದು, ಪರೀಕ್ಷೆ ಎಂದು ಹೇಳಿ ಇಷ್ಟು ವರ್ಷ ಮಗ್ಗದಿಂದ ತಪ್ಪಿಸಿಕೊಂಡವಳು ನಾನು. ಈಗ ಓದೂ ಇಲ್ಲ, ಪರೀಕ್ಷೆಯೂ ಇಲ್ಲ. ಕೂತೆ. ನನ್ನ ಗಂಟುಗಳನ್ನು ನೋಡಿ ಅಜ್ಜಿ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳಿದಳು ಅಷ್ಟೆ.

ಅವರಿಬ್ಬರ ಜಗಳ ಶುರುವಾದದ್ದು ಕಂದು ಉಣ್ಣೆಯಿಂದ. ಅಜ್ಜಿ ಮೂರು ವರ್ಷ ಕುರಿಗಳಿಂದ ಕತ್ತರಿಸಿದ್ದರಲ್ಲಿ ಆರಿಸಿ ಆರಿಸಿ ಇಟ್ಟಿದ್ದ, ಬಣ್ಣ ಹಾಕದ ಆ ಕಂದು ಉಣ್ಣೆಯನ್ನು ಚಿಕ್ಕಮ್ಮ ಕೇಳದೆ ತೆಗೆದು ತನ್ನ ತುದಿಯ ಚಿತ್ತಾರದ ಒಂದು ಹರಳಿಗೆ ಹಾಕಿಬಿಟ್ಟಳು. ಅಜ್ಜಿ ನೋಡಿ ಸುಮ್ಮನಾದಳು. ಅವಳು ಸುಮ್ಮನಾದರೆ ಏನರ್ಥ ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂದಿನಿಂದ ಇಬ್ಬರ ನಡುವೆ ನೇರ ಮಾತಿಲ್ಲ. ಮಗ್ಗದ ಮುಂದೆ ಕೆಟ್ಟ ಮಾತು ಆಡುವ ಹಾಗಿಲ್ಲ, ಕಂಬಳಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಇಬ್ಬರೂ ಒಳ್ಳೆಯ ಮಾತನ್ನೇ ಆಡಿದರು, ಅದೂ ನನ್ನ ಮೂಲಕ. ನಾನು ಇಬ್ಬರ ಮೊಣಕೈಗಳ ನಡುವೆ ಸಿಕ್ಕಿಕೊಂಡು ಕೂತಿರುತ್ತೇನೆ. ಆ ಕಡೆಯಿಂದ ಚಿಕ್ಕಮ್ಮ, "ರಬ್ಹಾ, ನಿಮ್ಮಜ್ಜಿಗೆ ಹೇಳಮ್ಮ, ಅವರ ಗಂಟು ಎಷ್ಟು ಚೆಂದ ಕೂತಿದೆ ಅಂತ. ಇದೇ ಥರ ಮಾಡಿದ್ರೆ ನಿನ್ನ ಮೊಮ್ಮಕ್ಕಳ ಮದುವೆ ಹೊತ್ತಿಗೆ ಮುಗಿಯುತ್ತೆ" ಅನ್ನುತ್ತಾಳೆ. ಈ ಕಡೆಯಿಂದ ಅಜ್ಜಿ ಕಬ್ಬಿಣದ ಹಣಿಗೆಯಿಂದ ಸಾಲನ್ನು ಇನ್ನೊಮ್ಮೆ ಕುಟ್ಟಿ, "ನಿನ್ನ ಚಿಕ್ಕಮ್ಮನಿಗೆ ಹೇಳು, ದೇವರು ಅವಳ ಕೈಗೆ ಒಳ್ಳೆ ಓಟ ಕೊಟ್ಟಿದ್ದಾನೆ. ಅವಳ ಕಡೆ ಮಲಗಿದವರಿಗೆ ಕೆಳಗಿನ ನೆಲದ ತಂಪು ಕೂಡ ಸಿಗುತ್ತೆ" ಅನ್ನುತ್ತಾಳೆ. ನಾನು ಹೇಳುವ ಮೊದಲೇ ಇಬ್ಬರಿಗೂ ಕೇಳಿಸಿರುತ್ತದೆ. ಆದರೂ ನಾನು ಬಾಯಿ ಬಿಟ್ಟು ಹೇಳುವ ತನಕ ಯಾರೂ ಉತ್ತರ ಕೊಡುವುದಿಲ್ಲ. ಒಂದು ದಿನ ನಾನು ಸುಮ್ಮನಿದ್ದೆ. ಅಜ್ಜಿ ಕಾದಳು, ಚಿಕ್ಕಮ್ಮ ಕಾದಳು, ಒಲೆಯ ಮೇಲಿನ ಸೂಪು ಸೀದುಹೋಯಿತು.

ಇದೆಲ್ಲ ಬರೀ ಮಾತಾಗಿದ್ದರೆ ಸಹಿಸಬಹುದಿತ್ತು. ಅದು ಕಂಬಳಿಗೇ ಇಳಿಯಿತು. ಅಜ್ಜಿ ಸಿಟ್ಟಿನಲ್ಲಿ ಮೊದಲಿಗಿಂತ ಬಿಗಿಯಾಗಿ ಕುಟ್ಟಿದಳು, ಚಿಕ್ಕಮ್ಮ ಹಟಕ್ಕೆ ಮೊದಲಿಗಿಂತ ಸಡಿಲ ಬಿಟ್ಟಳು. ಸಾಲುಗಳ ಲೆಕ್ಕ ಒಂದೇ, ಆದರೆ ಚಿಕ್ಕಮ್ಮನ ತುದಿ ಅಜ್ಜಿಯ ತುದಿಗಿಂತ ಒಂದು ಗೇಣು ಮೇಲಕ್ಕೆ ಎದ್ದಿತು. ನಡುವೆ ನನ್ನ ಪಾಲು ಗುಡ್ಡದ ಇಳಿಜಾರಿನ ಹಾಗೆ. ಮೊಹಾ ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಇದು ಕಂಬಳೀನೋ ಬೆಟ್ಟಾನೋ? ಆಡು ಮೇಯಿಸಬಹುದು" ಅಂದ. ಇಬ್ಬರೂ ತಿರುಗಿ ನೋಡಿದ ನೋಟಕ್ಕೆ ಅವನು ಆ ವಾರವೆಲ್ಲ ಊಟವನ್ನು ಅಂಗಳದಲ್ಲೇ ಮಾಡಿದ. ಯಾರಾದರೂ ಒಬ್ಬರು ಸೋತರೆ ಸರಿಹೋಗುತ್ತಿತ್ತು. ಅಜ್ಜಿ ಸಡಿಲ ಬಿಡಳು, ಚಿಕ್ಕಮ್ಮ ಗಟ್ಟಿ ಕುಟ್ಟಳು. ಓರೆಯಾದ ಕಂಬಳಿಯನ್ನು ಮುಂದೆ ನೇಯುವುದರಲ್ಲಿ ಅರ್ಥವಿಲ್ಲ ಎಂದು ಇಬ್ಬರಿಗೂ ಗೊತ್ತು, ಆದ್ದರಿಂದ ದಿನಕ್ಕೆ ಎರಡು ಸಾಲು ನೇಯ್ದು ಏಳುತ್ತಿದ್ದರು. ನಾನು ಮಾತ್ರ ತಾರೀಖು ನೋಡುತ್ತ ಕೂತೆ.

ಹೋದ ಬುಧವಾರ ಖೆನಿಫ್ರಾದಿಂದ ಒಬ್ಬ ವ್ಯಾಪಾರಿ ಬಂದ. ಚಿಕ್ಕಪ್ಪನೇ ಕರೆತಂದದ್ದು. ಆ ಮನುಷ್ಯ ಓರೆ ಕಂಬಳಿಯ ಮುಂದೆ ನಿಂತು ಸಂತೋಷದಿಂದ ಕಣ್ಣೊರೆಸಿಕೊಂಡ. ಫ್ರಾನ್ಸಿನವರು ಇಂಥದ್ದನ್ನೇ ಹುಡುಕುತ್ತಾರಂತೆ, ನೇರವಾಗಿರುವುದು ಯಂತ್ರದ್ದು, ಓರೆಯಾದದ್ದು ಬೆಟ್ಟದ ಆತ್ಮವಂತೆ. ಈ ಏರಿಳಿತದ ಅರ್ಥವೇನು ಎಂದು ಅರಬ್ಬಿಯಲ್ಲಿ ಕೇಳಿದ. ನಾನು ನಮ್ಮ ಮಾತಿಗೆ ತಿರುಗಿಸಿ ಅಜ್ಜಿಯನ್ನು ಕೇಳಿದೆ. "ಸಣ್ಣ ಸೊಸೆ ಮಾತು ಕೇಳಲ್ಲ ಅಂತ ಅರ್ಥ, ಹೇಳು" ಅಂದಳು. ಚಿಕ್ಕಮ್ಮನನ್ನು ಕೇಳಿದೆ. "ವಯಸ್ಸಾದವರು ಮಗ್ಗ ಬಿಟ್ಟು ಬಿಸಿಲು ಕಾಯಿಸ್ಕೋಬೇಕು ಅಂತ ಅರ್ಥ" ಅಂದಳು. ವ್ಯಾಪಾರಿ ಪೆನ್ನು ಹಿಡಿದು ಕಾಯುತ್ತಿದ್ದ. ನಾನು ಬೆವರಿ, ಬೆಟ್ಟ ಮತ್ತು ನದಿ ಎಂದೆ. ಅವನು ಬರೆದುಕೊಂಡ. ಎಷ್ಟಿದೆಯೋ ಅಷ್ಟಕ್ಕೇ ಕೊಯ್ದು ಕೊಡಿ, ಈಗಲೇ ಒಯ್ಯುತ್ತೇನೆ ಅಂದ. ಅಮ್ಮಾ, ಆ ಕ್ಷಣದಲ್ಲೇ ಗಂಡಸರನ್ನು ಹೊರಗೆ ಕಳಿಸಿ, ನೀರು ಚಿಮುಕಿಸಿ, ಕಂಬಳಿ ಕೊಯ್ಯುವ ಶಾಸ್ತ್ರ ಮುಗಿದರೆ ನಾನು ಮಿದೆಲ್ತಿಗೆ ಹೋಗಬಹುದಿತ್ತು. ಅಜ್ಜಿ ವ್ಯಾಪಾರಿಗೆ ಚಹಾ ಕೊಟ್ಟಳು, ಬಾದಾಮಿ ಕೊಟ್ಟಳು, ಆಮೇಲೆ, "ಇದು ನಮ್ಮ ದೊಡ್ಡ ಕೋಣೆಗೆ. ನನ್ನ ಮನೆಯ ಸೊಟ್ಟ ಮೋರೆ ಊರೆಲ್ಲ ಯಾಕೆ ತಿರುಗಬೇಕು?" ಎಂದು ನನ್ನ ಕೈಲಿ ಹೇಳಿಸಿದಳು. ಎಷ್ಟೋ ವಾರಗಳಲ್ಲಿ ಮೊದಲ ಸಲ ಚಿಕ್ಕಮ್ಮನೂ ತಲೆಯಾಡಿಸಿದಳು. ಸಮ್ಮತಿಸುವುದಕ್ಕೆ ಇವರಿಗೆ ಸಿಕ್ಕಿದ್ದು ನನ್ನ ದಾರಿಗೆ ಅಡ್ಡ ಬರುವ ವಿಷಯ ಒಂದೇ.

ಈಗ ಶನಿವಾರದ ವಿಷಯ. ಊರವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಒಂದು ನೂಲಿನ ಉಂಡೆ ಉರುಳಿ ನನ್ನ ಮಡಿಲಿಗೆ ಬಂತು. ಅದು ತನ್ನದೆಂದು ಚಿಕ್ಕಮ್ಮನಿಗೆ ಹೇಳು ಎಂದಳು ಅಜ್ಜಿ. ಅಜ್ಜಿಯವರದೇ ಇರಬಹುದು, ವಯಸ್ಸಾದವರಿಗೆ ತಮ್ಮ ಉಂಡೆ ಎಲ್ಲಿ ಹೋಯಿತೆಂದು ತಿಳಿಯದಿರುವುದು ಸಹಜ, ಹೇಳು ಎಂದಳು ಚಿಕ್ಕಮ್ಮ. ನಾನು ಉಂಡೆ ಹಿಡಿದುಕೊಂಡು ಎದ್ದುನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. "ನಿಮ್ಮಿಬ್ಬರ ಮಧ್ಯೆ ಕೂತು ಕೂತು ನನ್ನ ಕಿವಿಯಲ್ಲಿ ಉಣ್ಣೆ ಬೆಳೆದಿದೆ. ಈ ಕಂಬಳಿ ಹಾಳಾಗಿ ಹೋಗಲಿ, ಮಗ್ಗದ ಮೇಲೇ ಸಾಯಲಿ" ಅಂದೆ. ಮೆಲ್ಲಗೆ ಅಲ್ಲ. ಹೊರಗೆ ಕತ್ತೆಗೆ ಹುಲ್ಲು ಹಾಕುತ್ತಿದ್ದ ಚಿಕ್ಕಪ್ಪ ಓಡಿಬಂದು ಇಣುಕಿ, ಮಗ್ಗವನ್ನೂ ನನ್ನನ್ನೂ ನೋಡಿ ಹಾಗೇ ವಾಪಸು ಹೋದ.

ಆಮೇಲೆ ಅಜ್ಜಿ ನನ್ನನ್ನು ದಾಟಿ ಆ ಕಡೆ ನೋಡಿದಳು. "ಯಾಮ್ನಾ, ಕೇಳಿಸ್ತಾ?" ಅಂದಳು. "ಕೇಳಿಸ್ತು ಅತ್ತೆ." "ಮಗ್ಗದ ಮುಂದೆ." "ಮಗ್ಗದ ಮುಂದೆ ಅತ್ತೆ. ಓದಿದ ಹುಡುಗಿ." "ಓದಿಸಿದ್ದೇ ತಪ್ಪಾಯ್ತು." "ನಾನು ಆಗಲೇ ಹೇಳಿದ್ದೆ." "ಹೇಳಿದ್ದೆ ಕಣೇ. ನಾನು ಕೇಳಲಿಲ್ಲ." ನಾನು ಅಲ್ಲೇ ನಿಂತಿದ್ದೆ. ನನ್ನ ಮೂಲಕ ಇನ್ನು ಏನನ್ನೂ ಹೇಳಿಸಬೇಕಾಗಿರಲಿಲ್ಲ. ಇಷ್ಟು ವಾರ ನಾನು ಎರಡೂ ಕಡೆಯ ಮಾತಿಗೆ ಸಕ್ಕರೆ ಹಾಕಿ ದಾಟಿಸಿದ್ದು ದಂಡ, ಒಂದು ಕೆಟ್ಟ ಮಾತು ಒಂದು ನಿಮಿಷದಲ್ಲಿ ಅವರನ್ನು ಒಂದು ಮಾಡಿತು.

ಶಾಪ ಬಿದ್ದ ಸಾಲನ್ನು ಬಿಚ್ಚಬೇಕಲ್ಲ, ಕೂತರು. ಮೊದಲು ಅಜ್ಜಿ, ಇವತ್ತಿನ ಸಾಲು ಬಿಚ್ಚಿದರೆ ಸಾಕು ಅಂದಳು. ಇಬ್ಬರೂ ಬಿಚ್ಚಿದರು. ಆಗ ಚಿಕ್ಕಮ್ಮ ಕೈ ನಿಲ್ಲಿಸಿ, "ಅತ್ತೆ, ನಾನೂ ಮನಸ್ಸಲ್ಲಿ ಅಂದ್ಕೊಂಡಿದ್ದೆ. ಆ ವ್ಯಾಪಾರಿ ಬಂದ ದಿನ" ಅಂದಳು. ಅಜ್ಜಿ ತಲೆಯೆತ್ತದೆ, "ಎಷ್ಟು ಕೆಟ್ಟದಾಗಿ?" ಎಂದು ಕೇಳಿದಳು. "ಬಾಯಲ್ಲಿ ಹೇಳೋ ಹಾಗಿಲ್ಲ." ಹಾಗಾದರೆ ಬುಧವಾರದ ತನಕ ಬಿಚ್ಚೋಣ ಎಂದಾಯಿತು. ಬುಧವಾರದ ಸಾಲು ತಲುಪಿದಾಗ ಅಜ್ಜಿ, "ನಾನು ಅದಕ್ಕೂ ಮುಂಚೆ ಅಂದ್ಕೊಂಡಿದ್ದೆ" ಅಂದಳು. ಹೀಗೆ ಒಬ್ಬರಾದ ಮೇಲೆ ಒಬ್ಬರು ನೆನಪಿಸಿಕೊಳ್ಳುತ್ತ ಇಳಿಯತೊಡಗಿದರು. ಒಬ್ಬಳು ಹಬ್ಬದ ದಿನ, ಇನ್ನೊಬ್ಬಳು ಹಬ್ಬದ ಹಿಂದಿನ ದಿನ. ಕಂದು ಉಣ್ಣೆಯ ಹರಳು ಬಂದಾಗ ಇಬ್ಬರೂ ಒಟ್ಟಿಗೇ "ಇಲ್ಲಿ" ಅಂದರು. ಅದೂ ಹೋಯಿತು. ಬಿಚ್ಚಿದ ಗಂಟಿನ ಉಣ್ಣೆ ತುಂಡು ತುಂಡು, ಮತ್ತೆ ಗಂಟಿಗೆ ಬರುವುದಿಲ್ಲ, ದಿಂಬಿಗೇ ಸರಿ. ನಾನು ಮೂಲೆಯಲ್ಲಿ ಕೂತು ಅದನ್ನೆಲ್ಲ ಚೀಲಕ್ಕೆ ತುಂಬಿದೆ. ಭಾನುವಾರವೂ ಬಿಚ್ಚಿದರು, ಊಟಕ್ಕೆ ಮಾತ್ರ ಎದ್ದರು. ಸಂಜೆಯ ಹೊತ್ತಿಗೆ ನಿನ್ನ ಕೊನೆಯ ಸಾಲು ಬಂತು. ಅಲ್ಲಿ ಕಂಬಳಿ ನೀರಿನ ಹಾಗೆ ಸಮವಾಗಿತ್ತು.

ಅಜ್ಜಿ ಆ ಸಾಲಿನ ಮೇಲೆ ಬೆರಳಾಡಿಸುತ್ತ ಹೋಗಿ ತನ್ನ ತುದಿಯ ಹತ್ತಿರ ನಿಂತಳು. ನೂಲನ್ನು ಸ್ವಲ್ಪ ಸರಿಸಿ ನೋಡಿದಳು. ಚಿಕ್ಕಮ್ಮನನ್ನು ಕರೆದಳು. ಅಜ್ಜಿಯ ತುದಿಯಲ್ಲಿ ಮಾತ್ರ, ಅಡ್ಡ ಹಾಯಬೇಕಾದ ನೂಲು ಅರ್ಧಕ್ಕೇ ಹೋಗಿ ಹಿಂತಿರುಗಿದ ಒಂದು ಸಣ್ಣ ಹೊಕ್ಕು. ಅದರ ಕೆಳಗೆ ಇನ್ನೊಂದು. ಕೆಳಗೆ ಕೆಳಗೆ ಇನ್ನೂ. ಅಜ್ಜಿಯ ಬಿಗಿ ಕೈಗೆ ತಗ್ಗಿದ್ದನ್ನೆಲ್ಲ ನೀನು ಅವಳಿಗೆ ಗೊತ್ತಿಲ್ಲದ ಹಾಗೆ ತುಂಬಿಸುತ್ತ ಬಂದಿದ್ದೆ. "ಕಳ್ಳಿ" ಅಂದಳು ಅಜ್ಜಿ. ಚಿಕ್ಕಮ್ಮ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ.

ಅಮ್ಮಾ, ಆಗ ನನಗೆ ನಿನ್ನ ಮೇಲೆಯೇ ಸಿಟ್ಟು ಬಂತು. ನಿಜವಾಗಿಯೂ ಬಂತು. ಇಷ್ಟು ವರ್ಷ ನೀನು ಅಷ್ಟು ಚೆನ್ನಾಗಿ ಸಂಭಾಳಿಸಿದ್ದರಿಂದಲೇ ಈ ಮನೆಯಲ್ಲಿ ಯಾರೂ ಇನ್ನೊಬ್ಬರ ಜೊತೆ ಕೂರುವುದನ್ನು ಕಲಿಯಲಿಲ್ಲ. ನೀನು ಎದ್ದುಹೋದೆ, ಎಲ್ಲರಿಗೂ ತಮ್ಮ ತಮ್ಮ ಕೈ ಮಾತ್ರ ಉಳಿಯಿತು, ನಡುವೆ ಏನೂ ಬಾರದ ನಾನು ಉಳಿದೆ. ನೀನು ಹೋಗಲೇಬೇಕಿತ್ತು, ಗೊತ್ತು. ಅಪ್ಪ ತೀರಿಕೊಂಡ ಮೇಲೆ ಈ ಮನೆಯಲ್ಲಿ ಹೊರಗೆ ದುಡಿಯಲು ಹೊರಟವಳು ನೀನೊಬ್ಬಳೇ. ಆದರೂ ಆ ಸಣ್ಣ ಹೊಕ್ಕಿನ ಗುಟ್ಟನ್ನು ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ನಾನು ಎಂಥ ಗಂಟು ಹಾಕಿದರೂ ಅಷ್ಟನ್ನು ಮಾಡಬಲ್ಲೆ.

ಈಗ ಏನಾಗಿದೆ ನೋಡು. ಅವರಿಬ್ಬರೂ ಇವತ್ತು ಒಟ್ಟಿಗೆ ಉಣ್ಣೆ ತೊಳೆದರು, ಒಂದೇ ಬಟ್ಟಲಲ್ಲಿ ಉಂಡರು, ನನ್ನ ನಾಲಿಗೆ ಯಾರ ಕಡೆಯಿಂದ ಬಂದದ್ದು ಎಂಬ ಬಗ್ಗೆ ಮಧ್ಯಾಹ್ನವೆಲ್ಲ ಚರ್ಚೆ ಮಾಡಿ ನಿನ್ನ ತವರಿನ ಕಡೆಯಿಂದ ಎಂದು ತೀರ್ಮಾನಿಸಿದರು. ಮನೆ ತಣ್ಣಗಿದೆ. ಕಂಬಳಿ ಮಾತ್ರ ನೀನು ಬಿಟ್ಟಲ್ಲಿಗೆ ಬಂದಿದೆ. ಇನ್ನು ಅದನ್ನು ಕೊಯ್ಯುವುದು ನೀನು ಬಂದ ಮೇಲೇ ಇರಬೇಕು. ನನ್ನ ತಾರೀಖು ಇಪ್ಪತ್ತೆರಡು. ಹೇಳದೆ ಹೊರಟುಹೋಗೋಣ ಎಂದು ಯೋಚಿಸಿದೆ, ಆದರೆ ನೀನು ಹಾಗೆ ಹೋದ ಮೇಲೆ ಅಜ್ಜಿ ಫೋನಿನಲ್ಲಿ ನಿನಗೆ "ಆರೋಗ್ಯವಾ?" ಎಂಬ ಒಂದು ಪದಕ್ಕಿಂತ ಹೆಚ್ಚು ಹೇಳಿದ್ದನ್ನು ನಾನು ಕೇಳಿಲ್ಲ. ಅದನ್ನು ನೋಡಿದ ಮೇಲೆ ನನ್ನಿಂದಾಗದು. ಆದ್ದರಿಂದ ಈ ಕಾಗದ ತಲುಪಿದ ಕೂಡಲೇ ಅಜ್ಜಿಗೆ ಫೋನ್ ಮಾಡು. ಚಿಕ್ಕಪ್ಪ ಜೋರು ಮಾಡಿ ತಟ್ಟೆಯ ಮಧ್ಯೆ ಇಟ್ಟರೂ ಪರವಾಗಿಲ್ಲ. ನಿನ್ನ ಪರವಾಗಿ ಕ್ಷಮೆ ಕೇಳು, ನನ್ನ ಪರವಾಗಿ ಅಪ್ಪಣೆ ಕೇಳು. ನೀನು ಕೇಳಿದರೆ ಅವಳು ಕರಗಬಹುದು. ಕರಗದಿದ್ದರೆ, ಆ ಇನ್ನೊಬ್ಬ ಹುಡುಗಿಗೆ ಒಳ್ಳೆಯದಾಗಲಿ.

ಮೀನಾ ನಿನಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಬರುವಾಗ ತರಬೇಕಾದ ಪೆನ್ಸಿಲ್ ಡಬ್ಬಿಯ ಬಣ್ಣವನ್ನೂ. ಚಿಕ್ಕಮ್ಮ ಸಲಾಂ ಹೇಳಿದ್ದಾಳೆ. ಸೊಂಟಕ್ಕೆ ಬೆಣ್ಣೆ ಹಚ್ಚಿಕೊಳ್ಳಬೇಡ, ತಿನ್ನು. ದೇವರು ನಿನ್ನ ಬೆನ್ನಿಗೂ ಕೈಗಳಿಗೂ ಬಲ ಕೊಡಲಿ, ಬೇಸಿಗೆಯಲ್ಲಿ ನಿನ್ನನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಲಿ.

ನಿನ್ನ ಮೇಲೆ ಸಿಟ್ಟಾಗಿರುವ, ನಿನ್ನದೇ ಮಗಳು,
ರಬ್ಹಾ

ಮರೆತ ಮಾತು (ಮಂಗಳವಾರ ಬೆಳಿಗ್ಗೆ, ಕಬೀರಾ ಬಾಗಿಲಲ್ಲಿ ನಿಂತಿದ್ದಾಳೆ): ಅಮ್ಮಾ, ನನಗಾಗಿ ಫೋನ್ ಮಾಡಬೇಡ. ಈಗ ಮಗ್ಗದ ಕೋಣೆಗೆ ಹೋಗಿದ್ದೆ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ನೇಯುತ್ತಿದ್ದಾರೆ, ನಡುವೆ ಬೆಕ್ಕು ಕೂರಲೂ ಜಾಗವಿಲ್ಲ. ನಾನು ಎಲ್ಲಿ ಕೂರಲಿ ಎಂದು ಕೇಳಿದೆ. ಅಜ್ಜಿ ತಿರುಗಲಿಲ್ಲ. "ಇದರಲ್ಲಿ ನಿನ್ನ ಗಂಟು ಎಲ್ಲಿದೆ, ತೋರಿಸು ನೋಡೋಣ" ಅಂದಳು. ತೋರಿಸಲು ಏನಿದೆ, ಎಲ್ಲ ಚೀಲದಲ್ಲಿದೆ. "ಇಲ್ಲ ತಾನೆ? ಇಲ್ಲದವಳು ಇಲ್ಯಾಕೆ ನಿಂತಿದ್ದೀಯ? ಹೋಗಿ ಬಟ್ಟೆ ಕಟ್ಕೋ" ಅಂದಳು. ಚಿಕ್ಕಮ್ಮ ತಲೆ ಬಗ್ಗಿಸಿಕೊಂಡು ನಗುತ್ತಿದ್ದಳು. ಇಷ್ಟು ಸುಲಭವಾಗಿತ್ತೆಂದು ನನಗೆ ಅಳು ಬರುವಷ್ಟು ಕೋಪ ಬಂದಿದೆ. ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ಬಾಗಿಲು ದಾಟುವಾಗ ಅಜ್ಜಿ ಹಿಂದಿನಿಂದ ಕೂಗಿದಳು, ನಿನಗೆ ಬರೆಯಬೇಕಂತೆ, ಅವಳ ಮಾತಲ್ಲೇ ಬರೆಯುತ್ತೇನೆ: "ಅವಳದ್ದು ಒಂದು ಗಂಟೂ ಬಿಚ್ಚಿಲ್ಲ ಅಂತ ಹೇಳು."